ಇಪ್ಪತ್ತಾರು ಹೆಜ್ಜೆ

ಕಳೆದ ಸೆಪ್ಟೆಂಬರ್ ತಿಂಗಳ ಮೂರನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವ್ಯಾನ್ ನೆಸ್ ರಸ್ತೆ ನೀರಿನ ಹತ್ತಿರ ಮುಗಿಯುವ ತುದಿಯಲ್ಲಿದ್ದೆ. ಅಲ್ಲಿಂದ ಸೈಕಲ್ ದಾರಿ ಫೋರ್ಟ್ ಮೇಸನ್ ದಿಬ್ಬವನ್ನು ಏರುತ್ತದೆ. ಏರು ಶುರುವಾಗುವ ಕಡೆ ಎಡಕ್ಕೊಂದು ಮೋಟುಗೋಡೆ ಇದೆ. ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಸಮಯ ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣ, ಆಗಷ್ಟೇ ಗಡಿಯಾರ ನೋಡಿಕೊಂಡು ನಾವು ಇಪ್ಪತ್ತೈದು ನಿಮಿಷ ತಡವಾಗಿದ್ದೇವೆ ಎಂದುಕೊಂಡಿದ್ದೆ. ನನ್ನ ಸೈಕಲ್ಲು ಗೋಡೆಗೆ ಒರಗಿತ್ತು. ಹೆಲ್ಮೆಟ್ಟು ಎಡಗೈಯಲ್ಲಿತ್ತು. ಬಲಗೈ ಖಾಲಿ ಇತ್ತು.

ಅಂದು ನಾವು ಎಂಟು ಜನ. ಎಲ್ಲರೂ ಕನ್ನಡದವರು. ತಿಂಗಳಿಗೊಮ್ಮೆ, ಮೂರನೆಯ ಭಾನುವಾರ, ಫೆರಿ ಕಟ್ಟಡದ ಮುಂದೆ ಸೇರಿ ನೀರಿನ ಅಂಚಿನಲ್ಲೇ ಸೈಕಲ್ಲು ತುಳಿದುಕೊಂಡು ಗೋಲ್ಡನ್ ಗೇಟ್ ಸೇತುವೆಯ ಬುಡದವರೆಗೆ ಹೋಗಿ ಬರುವುದು ನಮ್ಮ ಪದ್ಧತಿ. ಇದರಲ್ಲಿ ಕಸರತ್ತು ಏನೂ ಇಲ್ಲ. ಓಡುವವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಿದ್ದರು. ಒಮ್ಮೆ ಮಗುವಿನ ಗಾಡಿ ತಳ್ಳಿಕೊಂಡು ಓಡುತ್ತಿದ್ದ ಹೆಂಗಸೊಬ್ಬಳೂ ಹಿಂದೆ ಹಾಕಿದಳು. ಇಲ್ಲೇ ಗುಡ್ಡದಾಚೆಯ ಡಬ್ಲಿನ್ ಊರಿನಿಂದ ಬರುವವರಲ್ಲಿ ಹೆಚ್ಚಿನವರು ರೈಲಿನಲ್ಲಿ ಸೈಕಲ್ಲು ತರುತ್ತಿದ್ದರು. ಉಳಿದವರು ಕಾರಿನಲ್ಲಿ, ಮುಂದಿನ ಚಕ್ರ ಬಿಚ್ಚಿ ಡಿಕ್ಕಿಯಲ್ಲಿ ಮಲಗಿಸಿಕೊಂಡು ಬರುತ್ತಿದ್ದರು.

ಇದನ್ನು ಶುರು ಮಾಡಿದವರನ್ನು ನಾವೆಲ್ಲ ಕಾಕಾ ಎನ್ನುತ್ತಿದ್ದೆವು. ಅರವತ್ತೆಂಟು ವರ್ಷ, ಧಾರವಾಡದವರು. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗಾಲಯವೊಂದರಲ್ಲಿ ಬಹಳ ವರ್ಷ ದುಡಿದು ನಿವೃತ್ತರಾಗಿದ್ದರು. ಈ ದೇಶಕ್ಕೆ ಬಂದ ಹೊಸದರಲ್ಲಿ ಕೊಂಡಿದ್ದ ನೀಲಿ ಬಣ್ಣದ ಉಕ್ಕಿನ ಸೈಕಲ್ಲನ್ನೇ ಕೊನೆಯವರೆಗೂ ತುಳಿದರು. ಮುಂದೆ ಯಾವಾಗಲೂ ಅವರೇ. ಅವರನ್ನು ದಾಟಿ ಯಾರೂ ಹೋಗುವಂತಿಲ್ಲ. ಅವರ ಹೆಂಡತಿ, ನಮ್ಮೆಲ್ಲರ ಕಾಕು, ಸೈಕಲ್ಲು ತುಳಿಯುತ್ತಿರಲಿಲ್ಲ. ತಿಂಡಿಯ ಡಬ್ಬಿ, ಕಾಫಿಯ ಫ್ಲಾಸ್ಕು ಕಾರಿನಲ್ಲಿಟ್ಟುಕೊಂಡು ನಾವು ನಿಲ್ಲುವ ಜಾಗಗಳಿಗೆ ಮೊದಲೇ ಹೋಗಿ ಕಾಯುತ್ತಿದ್ದರು.

ಎಲ್ಲರಿಗಿಂತ ಹಿಂದೆ ನಾನು. ಆ ಜಾಗಕ್ಕೆ ಬಾಲ ಎಂದು ಹೆಸರಿಟ್ಟಿದ್ದರು. ಯಾರೂ ಹಿಂದೆ ಉಳಿಯದಂತೆ ನೋಡುವುದು ಬಾಲದವನ ಕೆಲಸ. ಇನ್ನೊಂದು ಕೆಲಸವೂ ಇತ್ತು. ಪ್ರತಿ ಸಲ ನಿಂತು ಹೊರಡುವ ಮುನ್ನ ಎಲ್ಲರ ಟೈರು, ಬ್ರೇಕು, ಚಕ್ರದ ಬಿಗಿ ಮುಟ್ಟಿ ನೋಡಬೇಕು. ನಾನು ಏಳು ಸೈಕಲ್ಲು ನೋಡುತ್ತಿದ್ದೆ, ನನ್ನದೂ ಸೇರಿ. ಎಂಟನೆಯದು ಕಾಕಾ ಅವರದು. ಅದನ್ನು ನಾನು ಎಂದೂ ಮುಟ್ಟಿದವನಲ್ಲ. ಮುಟ್ಟಬೇಡಿ ಎಂದು ಅವರೇನೂ ಹೇಳಿರಲಿಲ್ಲ. ಹಿರಿಯರ ಸೈಕಲ್ಲನ್ನು ಪರೀಕ್ಷೆ ಮಾಡುವುದು ನನಗೇ ಸರಿ ಕಾಣುತ್ತಿರಲಿಲ್ಲ, ಅಷ್ಟೆ.

ಕಾಕಾಗೆ ಒಂದು ನಂಬಿಕೆ ಇತ್ತು. ಹೊರಟವರನ್ನು ಹಿಂದಿನಿಂದ ಕರೆಯಬಾರದು. ನಮ್ಮಲ್ಲಿ ಹೆಚ್ಚಿನವರ ಮನೆಯಲ್ಲಿ ಇದನ್ನು ಕೇಳಿಯೇ ಬೆಳೆದಿದ್ದೇವೆ. ಆದರೆ ಕಾಕಾ ಅದನ್ನು ಸಮುದ್ರ ದಾಟಿ ಇಲ್ಲಿಯವರೆಗೂ ತಂದಿದ್ದರು. ಅವರು ಪೆಡಲಿನ ಮೇಲೆ ಕಾಲಿಟ್ಟು ಹೊರಟ ಮೇಲೆ ಯಾರಾದರೂ ಹಿಂದಿನಿಂದ ಕೂಗಿದರೆ ಸೈಕಲ್ಲು ನಿಲ್ಲಿಸಿ, ಇಳಿದು, ಹತ್ತಿರದ ಬೆಂಚು ಹುಡುಕಿ ಕೂರುತ್ತಿದ್ದರು. ಎರಡು ಗುಟುಕು ನೀರು ಕುಡಿಯುತ್ತಿದ್ದರು. ಜೇಬಿನಲ್ಲಿದ್ದ ಸಣ್ಣ ಡಬ್ಬಿಯಿಂದ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡು, ಸ್ವಲ್ಪ ಹೊತ್ತು ಸುಮ್ಮನಿದ್ದು, ಹೊಸದಾಗಿ ಹೊರಡುತ್ತಿದ್ದರು.

ನಮ್ಮ ಗುಂಪಿನಲ್ಲೊಬ್ಬ ಹಲ್ಲಿನ ಡಾಕ್ಟರಿದ್ದಾನೆ, ಬೆಂಗಳೂರಿನವನು, ಸುಮ್ಮನಿರುವ ಜಾತಿಯಲ್ಲ. ಎರಡು ವರ್ಷದ ಹಿಂದೆ ಬೇಕೆಂದೇ ಕಾಕಾರ ಶೂ ಲೇಸು ಬಿಚ್ಚಿಕೊಂಡಿದೆ ಎಂದು ಹಿಂದಿನಿಂದ ಕೂಗಿದ. ಲೇಸು ಬಿಚ್ಚಿರಲಿಲ್ಲ. ಕಾಕಾ ಇಳಿದು, ಕೂತು, ನೀರು ಕುಡಿದು, ಸಕ್ಕರೆ ತಿಂದರು. ಅವನು ಸುಮ್ಮನಿರದೆ, "ಕಾಕಾ, ನಾವು ಹೊರಟಿರೋದು ಐಸ್‌ಕ್ರೀಮ್ ತಿನ್ನೋಕೆ. ಆ ಕೆಲಸ ಯಾವತ್ತಾದ್ರೂ ಆಗ್ದೆ ಇದ್ದಿದ್ದುಂಟಾ?" ಎಂದ. ಎಲ್ಲರೂ ನಕ್ಕರು. ಕಾಕಾ ನಗಲಿಲ್ಲ, ಸಿಟ್ಟೂ ಮಾಡಲಿಲ್ಲ.

"ಹೊಂಟವರನ್ನ ಹಿಂದಿಂದ ಕರದ್ರ ಹೋದ ಕೆಲಸ ಆಗೂದಿಲ್ರಿ," ಎಂದರು. "ಮಾತಿದ್ರ ಬಾಜೂ ಬಂದು ಹೇಳ್ರಿ."

ಅಂದು ನಾನು ಗಡಿಯಾರ ನೋಡಿದ್ದೆ. ಇಳಿದು ಮತ್ತೆ ಹೊರಡುವುದಕ್ಕೆ ಹನ್ನೆರಡು ನಿಮಿಷ ಹಿಡಿದಿತ್ತು. ಅಂದಿನಿಂದ ಯಾರೂ ಕಾಕಾರನ್ನು ಹಿಂದಿನಿಂದ ಕರೆಯಲಿಲ್ಲ. ಹೇಳುವುದಿದ್ದರೆ ಜೋರಾಗಿ ತುಳಿದು ಅವರ ಪಕ್ಕಕ್ಕೆ ಹೋಗಿ ಹೇಳುತ್ತಿದ್ದೆವು. ಹೊಸದಾಗಿ ಬಂದವರಿಗೆ ಇದನ್ನು ತಿಳಿಸುವುದೂ ಬಾಲದವನಿಗೇ ಬಿತ್ತು.

ಆ ಸೆಪ್ಟೆಂಬರಿನಲ್ಲಿ ಹೊಸಬಳೆಂದರೆ ಒಬ್ಬಳೇ. ಮೈಸೂರಿನವಳು, ಡಬ್ಲಿನ್‌ನಲ್ಲಿ ಮನೆ, ಫಿಸಿಯೋಥೆರಪಿ ಕೆಲಸ. ಮೂವತ್ತನಾಲ್ಕೋ ಮೂವತ್ತೈದೋ ಇರಬಹುದು. ನಮ್ಮ ಜೊತೆ ಅದು ಅವಳ ಎರಡನೆಯ ಸವಾರಿ. ಅವಳಿಗೆ ನಾನು ಈ ನಿಯಮ ಹೇಳಿರಲಿಲ್ಲ. ಮೊದಲ ಸಲ ಮರೆತಿದ್ದೆ. ಎರಡನೆಯ ಸಲ ಹೇಳೋಣ ಎಂದುಕೊಂಡಿದ್ದೆ.

ಅಂದು ಬೆಳಿಗ್ಗೆ ಬಿಸಿಲಿರಲಿಲ್ಲ. ಮಂಜು ನೀರಿನ ಮೇಲೇ ಕೂತಿತ್ತು. ಸೇತುವೆ ಕಾಣುತ್ತಿರಲಿಲ್ಲ, ಅದರ ಕೆಳಗಿನಿಂದ ಹಡಗುಗಳನ್ನು ಎಚ್ಚರಿಸುವ ಕಹಳೆ ಮಾತ್ರ ಸ್ವಲ್ಪ ಸ್ವಲ್ಪ ಹೊತ್ತಿಗೆ ಕೇಳುತ್ತಿತ್ತು. ಆ ದನಿ ಕಿವಿಗಿಂತ ಎದೆಗೆ ಮೊದಲು ತಾಗುತ್ತದೆ. ಪಕ್ಕದ ಪುಟ್ಟ ಕೊಲ್ಲಿಯಲ್ಲಿ ಈಜುವವರ ಕಿತ್ತಳೆ ಬಣ್ಣದ ಟೋಪಿಗಳು ಕಾಣುತ್ತಿದ್ದವು, ಆಮೇಲೆ ಮಂಜಿನಲ್ಲಿ ಕಾಣದಾಗುತ್ತಿದ್ದವು. ನಾನು ಅವನ್ನು ಎಣಿಸುತ್ತ ನಿಂತೆ. ಒಮ್ಮೆ ಐದು, ಒಮ್ಮೆ ನಾಲ್ಕು.

ನಾವು ತಡವಾದದ್ದು ಪಂಕ್ಚರ್‌ನಿಂದ. ಯಾರದೋ ಕಾರಿನ ಕಿಟಕಿ ಒಡೆದು ಬಿದ್ದಿದ್ದ ಗಾಜಿನ ಚೂರು ಕಾಕಾರ ಮುಂದಿನ ಟೈರಿಗೆ ನೆಟ್ಟಿತ್ತು. ಕೊಲ್ಲಿಯ ಪಕ್ಕದ ಮೆಟ್ಟಿಲುಗಳ ಹತ್ತಿರ ಅವರೇ ಚಕ್ರ ಬಿಚ್ಚಿ, ಟ್ಯೂಬು ಬದಲಿಸಿ, ಗಾಳಿ ತುಂಬಿದರು. ಹಲ್ಲಿನ ಡಾಕ್ಟರು ಸಹಾಯಕ್ಕೆ ಹೋದರೆ ಬೇಡವೆಂದರು. ಚಕ್ರವನ್ನು ಫೋರ್ಕಿಗೆ, ಅಂದರೆ ಅದನ್ನು ಹಿಡಿಯುವ ಕವಲುಕಂಬಿಗೆ, ಕೂರಿಸಿದರು. ಅದನ್ನು ಬಿಗಿ ಹಿಡಿಯಲು ಪಕ್ಕದಲ್ಲಿ ಬೆರಳುದ್ದದ ಒಂದು ಲಿವರಿರುತ್ತದೆ; ಅದನ್ನು ಅಂಗೈಯಿಂದ ಒತ್ತಿ ಮಡಚಬೇಕು. ಮಡಚಿದರೆ ಫೋರ್ಕಿಗೆ ಅಂಟಿಕೊಂಡು ನಿಲ್ಲುತ್ತದೆ. ಅಷ್ಟರಲ್ಲಿ ಕಾಕು ಕಾಫಿ ತಂದು ಕೊಟ್ಟರು. ಕಾಕಾ ಬಗ್ಗಿದ್ದವರು ಎದ್ದು ಎರಡೂ ಕೈಯಲ್ಲಿ ಕಪ್ಪು ಹಿಡಿದುಕೊಂಡು ಕುಡಿದರು. ನಾನಿದ್ದದ್ದು ಸ್ವಲ್ಪ ದೂರದಲ್ಲಿ. ಅವರು ಕಾಫಿ ಕುಡಿದದ್ದನ್ನು ಕಂಡೆ. ಅದಾದ ಮೇಲೆ ಅವರು ಮತ್ತೆ ಬಗ್ಗಿದ್ದನ್ನು ಕಾಣಲಿಲ್ಲ. ಬಗ್ಗಿರಲಿಕ್ಕಿಲ್ಲ ಎಂದು ಆಗ ನನಗೆ ಹೊಳೆಯಲಿಲ್ಲ. ಕಾಕು ಡಬ್ಬಿಗಳನ್ನು ಕಾರಿಗೆ ಹಾಕಿಕೊಂಡು ಮುಂದಿನ ಜಾಗಕ್ಕೆ ಹೊರಟುಹೋದರು. ನಾವು ಸೈಕಲ್ಲು ತಳ್ಳಿಕೊಂಡು ಏರಿನ ಬುಡಕ್ಕೆ ಬಂದೆವು.

ನಾನು ಆರು ಜನರ ಸೈಕಲ್ಲು ಮುಟ್ಟಿ ನೋಡಿದೆ. ನನ್ನದನ್ನೂ ನೋಡಿದೆ.

ಕಾಕಾ ಹೊರಟರು. ನನ್ನ ಮುಂದೆಯೇ, ಒಂದು ಮಾರು ದೂರದಲ್ಲಿ ಹಾದುಹೋದರು. ಅವರ ಮುಂದಿನ ಚಕ್ರದ ಎಡಬದಿ ನನ್ನ ಕಡೆಗಿತ್ತು. ಲಿವರು ಹೊರಕ್ಕೆ ಚಾಚಿಕೊಂಡಿತ್ತು. ಕಣ್ಣು ಕಂಡದ್ದು ಬುದ್ಧಿಗೆ ತಿಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ನಾನು ಸುಮ್ಮನೆ ನಿಂತಿದ್ದೆ. ಅವರ ಹಿಂದೆ ಹಲ್ಲಿನ ಡಾಕ್ಟರು, ಅವನ ಹಿಂದೆ ಇನ್ನು ನಾಲ್ವರು ಹೊರಟರು. ಮೈಸೂರಿನವಳು ಸೈಕಲ್ಲಿನ ಎರಡೂ ಕಡೆ ಕಾಲೂರಿಕೊಂಡು ನನ್ನ ಪಕ್ಕದಲ್ಲಿದ್ದಳು. ಅವಳೂ ಕಾಕಾರ ಹಾಗೆಯೇ ಚಕ್ರ ಬಿಚ್ಚಿ ಕಾರಿನಲ್ಲಿ ತರುವವಳು.

"ಸರ್, ಅವರ ಲಿವರು ಓಪನ್ನಾಗೇ ಇದೆಯಲ್ಲ?" ಎಂದಳು.

ಹೌದು ಎಂದೆ. ಅವಳು ಅಲ್ಲೇ ಕತ್ತೆತ್ತಿ, ಉಸಿರು ತೆಗೆದುಕೊಂಡು, "ಕಾ" ಎಂದಳು. ನನ್ನ ಬಲಗೈ ಅವಳ ತೋಳಿನ ಮೇಲಿತ್ತು. ತೋಳು ಒತ್ತಿ ಹಿಡಿದೆ. "ಕೂಗಬೇಡಮ್ಮ. ಅವರನ್ನ ಹಿಂದಿನಿಂದ ಕರೆಯೋ ಹಾಗಿಲ್ಲ. ಮೇಲೆ ಹೋಗಿ ಹೇಳೋಣ," ಎಂದೆ. ಅವಳು ನನ್ನ ಮುಖ ನೋಡಿದಳು. ಬಾಯಿ ಮುಚ್ಚಿದಳು.

ಆಗ ಕಾಕಾ ಇದ್ದದ್ದು ದಾರಿ ಮೊದಲ ಸಲ ಬಲಕ್ಕೆ ಬಾಗುವ ಕಡೆ, ನೀರಿನ ಬದಿಯ ದೀಪದ ಕಂಬದ ಪಕ್ಕ. ಆಮೇಲೆ ಹೋಗಿ ಅಳೆದಿದ್ದೇನೆ. ನಾನು ನಿಂತಿದ್ದ ಗೋಡೆಯಿಂದ ಆ ಕಂಬಕ್ಕೆ ನನ್ನ ಇಪ್ಪತ್ತಾರು ಹೆಜ್ಜೆ.

ನಾನು ಯಾಕೆ ತಡೆದೆ ಎಂಬುದನ್ನು ನೇರವಾಗಿ ಹೇಳಿಬಿಡುತ್ತೇನೆ. ಆ ನಂಬಿಕೆ ನನಗಿರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಹನ್ನೆರಡು ನಿಮಿಷ. ಈಗಾಗಲೇ ತಡವಾಗಿದೆ, ಇನ್ನು ಬೆಂಚು, ನೀರು, ಸಕ್ಕರೆ ಎಂದು ಮತ್ತಷ್ಟು ತಡ. ಇದೊಂದು. ಇನ್ನೊಂದು, ಏರಿನಲ್ಲಿ ಕಾಕಾ ತೀರ ನಿಧಾನ. ಮೇಲೆ ಹುಲ್ಲುಬಯಲಿನ ಹತ್ತಿರ ಪ್ರತಿ ಸಲವೂ ನಿಂತು ಎಲ್ಲರೂ ಸೇರಲೆಂದು ಕಾಯುತ್ತಾರೆ. ಅಲ್ಲಿ ಪಕ್ಕಕ್ಕೆ ಹೋಗಿ ಮೆತ್ತಗೆ ಹೇಳಿದರಾಯಿತು. ಯೋಚನೆ ಸರಿಯಾಗಿಯೇ ಕಂಡಿತು. ಈಗಲೂ ಅದರಲ್ಲಿ ತಪ್ಪು ಎಲ್ಲಿದೆ ಎಂದು ಯಾರಾದರೂ ಕೇಳಿದರೆ ತಕ್ಷಣ ತೋರಿಸಲಾರೆ.

ಹೆಲ್ಮೆಟ್ಟು ಹಾಕಿಕೊಂಡು ಹೊರಟೆ. ಅವಳು ನನ್ನ ಹಿಂದೆ. ಎದುರಿನಿಂದ ನಾಯಿಗಳನ್ನು ಹಿಡಿದು ನಾಲ್ಕೈದು ಜನ ಇಳಿದು ಬರುತ್ತಿದ್ದರು. ನಮ್ಮವರು ಅವರಿಗೆ ದಾರಿ ಬಿಟ್ಟು ಒಬ್ಬರ ಹಿಂದೊಬ್ಬರು ಅಂಟಿಕೊಂಡು ಏರುತ್ತಿದ್ದರು. ಇಬ್ಬರನ್ನು ದಾಟಿದೆ. ಮೂರನೆಯವರು, ಬಾಲ ಮುಂದೆ ಬಂತಲ್ಲ ಎಂದು ತಮಾಷೆ ಮಾಡಿ ಜಾಗ ಬಿಡಲಿಲ್ಲ. ಅವರಿಗೆ ಏನು ಗೊತ್ತು. ಹಾಗೆ ಮಾಡಬೇಡಿ ಎಂದು ನಾನೂ ಹೇಳಲಿಲ್ಲ. ಕಹಳೆ ಎರಡು ಸಲ ಕೇಳಿತು.

ಮೇಲೆ ತಲುಪಿದಾಗ ಕಾಕಾ ಎಂದಿನ ಜಾಗದಲ್ಲಿ ಇರಲಿಲ್ಲ. ಹಲ್ಲಿನ ಡಾಕ್ಟರು ಒಬ್ಬನೇ ಕಾಲೂರಿ ನಿಂತಿದ್ದ. ಕಾಕು ಮಂಜಿನಲ್ಲಿ ಒಬ್ಬರೇ ಕಾಯುತ್ತಿರುತ್ತಾರೆ, ತಡವಾಗಿದೆ, ನೀವು ಬರ್ರಿ ಎಂದು ಹೇಳಿ ಕಾಕಾ ನಿಲ್ಲದೆ ಮುಂದೆ ಹೋದರಂತೆ.

ಅಲ್ಲಿಂದ ದಾರಿ ಹುಲ್ಲುಬಯಲಿನ ಅಂಚಿನಲ್ಲಿ ಮರೀನಾ ಕಡೆಗೆ ಇಳಿಯುತ್ತದೆ. ಕಾಕಾ ಇಳಿಜಾರಿನ ಅರ್ಧದಲ್ಲಿದ್ದರು. ಅವರ ಹಳದಿ ಅಂಗಿ ಮಂಜಿನಲ್ಲಿಯೂ ಕಾಣುತ್ತಿತ್ತು. ಆಗ ನಾನು ಕೂಗಿದೆ. ನಿಯಮ ಮರೆತು ಕೂಗಿದೆ, ಎರಡು ಸಲ. ಅಷ್ಟು ದೂರಕ್ಕೆ ಕೇಳಿಸಿರಲಾರದು. ಅದೇ ಹೊತ್ತಿಗೆ ಕಹಳೆಯೂ ಊದಿತು. ಮರದ ಬೇರು ಡಾಂಬರನ್ನು ಎತ್ತಿರುವ ಜಾಗವೊಂದು ಅಲ್ಲಿದೆ. ಸೈಕಲ್ಲಿನ ಮುಂಭಾಗ ಅಲ್ಲಿ ಒಂದು ಗೇಣಿನಷ್ಟು ಹಾರಿತು. ಹಾರಿದ ಮೇಲೆ ಚಕ್ರ ಬೇರೆ, ಸೈಕಲ್ಲು ಬೇರೆ ಆಯಿತು.

ಚಕ್ರ ನಿಲ್ಲಲಿಲ್ಲ. ತಾನೇ ಮುಂದೆ ಉರುಳಿಕೊಂಡು ಹೋಗಿ, ದಾರಿ ಬಿಟ್ಟು ಹುಲ್ಲಿಗೆ ಇಳಿದು, ಅಲ್ಲೊಂದು ಅರ್ಧ ಸುತ್ತು ಹಾಕಿ, ಯಾರೋ ಕೈಹಿಡಿದು ಮಲಗಿಸಿದ ಹಾಗೆ ಮಲಗಿತು. ನಾನು ನೋಡಿದ್ದು ಅದನ್ನೇ. ಕಾಕಾ ಬಿದ್ದದ್ದನ್ನು ನೋಡಲಿಲ್ಲ. ಪೊಲೀಸನಿಗೂ ಹೀಗೆಯೇ ಹೇಳಿದೆ: ಚಕ್ರ ಕಳಚಿ ಹೋದದ್ದನ್ನು ಕಂಡೆ. ಅವನು ಬರೆದುಕೊಂಡ. ನಾನು ಹೇಳಿದ್ದು ನಿಜ. ಪೂರ್ತಿ ಅಲ್ಲ.

ನಾವೆಲ್ಲ ಇನ್ನೂ ಸೈಕಲ್ಲು ಎಸೆದು ಓಡುತ್ತಿದ್ದಾಗಲೇ, ನಮ್ಮನ್ನು ದಾಟಿ ತುಳಿದುಕೊಂಡೇ ಇಳಿದಿದ್ದ ಮೈಸೂರಿನವಳು ಅವರ ಪಕ್ಕದಲ್ಲಿ ಮಂಡಿಯೂರಿದ್ದಳು. ಆಂಬುಲೆನ್ಸ್ ಬರುವವರೆಗೂ ಕಾಕಾರ ತಲೆ ಕತ್ತು ಅಲುಗದಂತೆ ಎರಡೂ ಕೈಯಲ್ಲಿ ಹಿಡಿದಿದ್ದಳು. ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

ಕಾಕಾ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಮೂರನೆಯ ದಿನ ಸ್ವಲ್ಪ ಎಚ್ಚರವಾಗಿ ಕಾಕು ಜೊತೆ ಮಾತಾಡಿದರು. ಆಮೇಲೆ ಮಾತಾಡಲಿಲ್ಲ; ಒಂಬತ್ತನೆಯ ದಿನ ತೀರಿಕೊಂಡರು. ಆ ಮೂರನೆಯ ದಿನದ ಮಾತು ಎಂದು ಗುಂಪಿನೊಳಗೆ ಬಂದದ್ದು ಒಂದೇ: ಹೊರಟಾಗ ಯಾರೋ ಹಿಂದಿನಿಂದ ಕರೆದರು.

ಯಾರು ಕರೆದರು ಎಂದು ಎಲ್ಲರೂ ಕೇಳತೊಡಗಿದರು. ಹಲ್ಲಿನ ಡಾಕ್ಟರು, ಕೇಳಿದ್ದಕ್ಕೆ ಉತ್ತರವಾಗಿ, ತನ್ನ ಬೆನ್ನ ಹಿಂದೆ ಹೆಂಗಸಿನ ದನಿಯಲ್ಲಿ "ಕಾ" ಎಂದಷ್ಟು ಕೇಳಿಸಿತೆಂದು ಹೇಳಿದ. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಂದು ನಮ್ಮಲ್ಲಿ ಹೆಂಗಸರು ಇಬ್ಬರೇ. ಇನ್ನೊಬ್ಬರು ಅವನ ಬೆನ್ನಿಗೇ ಇದ್ದರು; ಕರೆದದ್ದು ನಾನಲ್ಲ, ನನಗೂ ಹಿಂದಿನಿಂದಲೇ ಕೇಳಿಸಿತು ಎಂದರು. ಅಲ್ಲಿಗೆ ತೀರ್ಮಾನವಾಯಿತು. ಇಂಜಿನಿಯರುಗಳು, ಡಾಕ್ಟರುಗಳು, ಮನೆಯಲ್ಲಿ ಕೂತೂ ವಿಜ್ಞಾನದ ಬಗ್ಗೆ ಮಾತಾಡುವವರು ಫೋನಿನ ಗುಂಪಿನಲ್ಲಿ ನಂಬಿಕೆ ಗಿಂಬಿಕೆ ಏನೂ ಇಲ್ಲ ಎಂದು ಮೊದಲು ಬರೆದು, ಆದರೂ ಎಂದು ಮುಂದುವರಿಸಿದರು. ಡಬ್ಲಿನ್‌ನ ಒಂದು ಮನೆಯಲ್ಲಿ ಹಬ್ಬದೂಟದ ಹೊತ್ತಿಗೆ ಅವಳ ಕಾಲ್ಗುಣದ ಮಾತು ಬಂತು. ಬಂದು ಎರಡು ಸಲವಾಗಿರಲಿಲ್ಲ, ನೋಡಿ ಎಂದರು. ನಾನು ಆ ಮನೆಯಲ್ಲಿದ್ದೆ. ಎಲೆಯ ಮುಂದೆ ಕೂತಿದ್ದೆ. ಸಾರು ಹಾಕಿಸಿಕೊಂಡೆ.

ಅವಳು ಗುಂಪು ಬಿಟ್ಟಳು. ಒಂದು ದಿನ ಆಫೀಸಿನ ಹೊತ್ತಿನಲ್ಲಿ ನನಗೆ ಫೋನ್ ಮಾಡಿದಳು. ಬೈಯುತ್ತಾಳೆ ಎಂದುಕೊಂಡು ಮೀಟಿಂಗಿನಿಂದ ಎದ್ದು ಹೊರಗೆ ಹೋದೆ. ಅವಳು ಬೈಯಲಿಲ್ಲ.

"ಸರ್, ನೀವು ಹೇಳ್ತೀರ ಅಂದ್ಕೊಂಡಿದ್ದೆ," ಎಂದಳು. ನಾನು ಏನೋ ಹೇಳಲು ಹೊರಟೆ. ಅವಳು ಮತ್ತೆ, "ಪೇಷಂಟುಗಳಲ್ಲೂ ಒಬ್ರು ಕೇಳಿದ್ರು, ಆ ಸೈಕಲ್ಲಿನವರು ನೀವೇನಾ ಅಂತ," ಎಂದು ಫೋನಿಟ್ಟಳು.

ಅದರ ಮರುದಿನ ಶನಿವಾರ. ನನ್ನ ಹೆಂಡತಿಯನ್ನು ಕರೆದುಕೊಂಡು ವ್ಯಾನ್ ನೆಸ್ ತುದಿಗೆ ಹೋದೆ. ಏನಾಯಿತೆಂದು ಅವಳಿಗೆ ದಾರಿಯಲ್ಲಿ ಹೇಳಿದೆ; ಅವಳಿಗೂ ಅದೇ ಮೊದಲು. ಅವಳನ್ನು ಕಂಬದ ಹತ್ತಿರ, ನನಗೆ ಬೆನ್ನು ಮಾಡಿ ನಿಲ್ಲಿಸಿದೆ. ನಾನು ಗೋಡೆಗೆ ಬೆನ್ನು ಕೊಟ್ಟು ನಿಂತೆ. ಗಾಳಿ ಅಂದಿಗಿಂತ ಹೆಚ್ಚೇ ಇತ್ತು. ಕೂಗಲಿಲ್ಲ. ಅಡುಗೆಮನೆಯಲ್ಲಿರುವವರನ್ನು ಹಜಾರದಿಂದ ಕರೆಯುವಷ್ಟು ದನಿಯಲ್ಲಿ ಅವಳ ಹೆಸರು ಹೇಳಿದೆ. ಅವಳು ತಕ್ಷಣ ತಿರುಗಿದಳು. ಮೂರು ಸಲ ಮಾಡಿದೆವು. ಮೂರು ಸಲವೂ ತಿರುಗಿದಳು. ನಾಲ್ಕನೆಯ ಸಲ ನಾನು ಕರೆಯುವ ಮೊದಲೇ ಬಂದು, ಸಾಕು, ಇನ್ನು ಕಾಕು ಮನೆಗೆ ಹೋಗಿ ಎಂದಳು.

ಹೋದೆ. ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಗುಡ್ಡದ ಮೇಲಿನ ಮನೆ. ಹದಿಮೂರನೆಯ ದಿನದ ಊಟಕ್ಕೆ ತರಿಸಿದ್ದ ಮಡಚುವ ಕುರ್ಚಿಗಳು ಇನ್ನೂ ಗೋಡೆಗೆ ಒರಗಿದ್ದವು. ನೀಲಿ ಸೈಕಲ್ಲು ಗ್ಯಾರೇಜಿನಲ್ಲಿತ್ತು, ಚಕ್ರ ಬೇರೆಯಾಗಿಯೇ. ಕಾಕು ನೀರು ತಂದಿಟ್ಟು ಎದುರಿಗೆ ಕೂತರು. ನಾನು ಗೋಡೆಯಿಂದ ಶುರು ಮಾಡಿ, ಹೆಲ್ಮೆಟ್ಟು, ಲಿವರು, ಅವಳು ಬಾಯಿ ತೆರೆದದ್ದು, ನನ್ನ ಕೈ, ಹನ್ನೆರಡು ನಿಮಿಷ ಎಲ್ಲವನ್ನೂ ಇಲ್ಲಿ ಬರೆದ ಕ್ರಮದಲ್ಲಿಯೇ ಹೇಳಿದೆ.  ಮುಗಿದ ಮೇಲೆ ನೀರಿನ ಲೋಟವನ್ನು ನನ್ನ ಕಡೆಗೆ ಸರಿಸಿದರು.

"ಅರ್ಧಾ ಕರದ್ರು ಅಂದಿದ್ರು," ಎಂದರು. "ಯಾರೋ ಕರದ್ರು, ಆದ್ರ ಅರ್ಧಾ ಕರದ್ರು, ಅದಕ ನಾ ಇಳೀಲಿಲ್ಲ ಅಂದ್ರು. ಅರ್ಧಾ ಯಾಕ ಅಂತ ನನಗ ತಿಳೀಲಿಲ್ಲ."

ಆ ಅರ್ಧ ನನ್ನ ಕೈಯಿಂದ ಆದದ್ದು ಎಂದೆ.

"ಪೂರಾ ಕರದಿದ್ರ ಅವರಿಗೆ ಕೇಳಸ್ತಿತ್ತೇನ್ರಿ?"

"ಕೇಳಿಸ್ತಿತ್ತು ಕಾಕು. ಅಳೆದು ನೋಡಿ ಬಂದಿದ್ದೀನಿ."

ಅವರು ಅಳಲಿಲ್ಲ. ಎದ್ದು ಹೋಗಿ ಅಡುಗೆಮನೆಯ ದೀಪ ಆರಿಸಿದರು, ಮತ್ತೆ ಹಾಕಿದರು. ಬಂದು ಕೂತು, ನನ್ನನ್ನು ನೋಡದೆ ಹೇಳಿದರು: "ಆ ಲಿವರಿನ ಮ್ಯಾಲೆ ಅವರ ಕೈ ಇತ್ತು. ನಾ ನೋಡಿದ್ದೆ. ಕಾಫಿ ಆರ್ತದ, ಮೊದ್ಲ ಕುಡೀರಿ ಅಂತ ಕಪ್ಪು ಹಿಡದೆ. ಕೈ ತಗದ್ರು. ಕುಡದ ಮ್ಯಾಲೆ ಒತ್ತತಾರ ಅನ್ಕೊಂಡೆ." ಆಮೇಲೆ, "ಯಾರ ಮ್ಯಾಲರೆ ಹಾಕಬೇಕಿತ್ತು. ಆ ಹುಡುಗಿ ಸಿಕ್ಕಳು," ಎಂದರು.

ನಾನು ಲೋಟ ಎತ್ತಿ ನೀರು ಕುಡಿದೆ. 

"ಆಕೀಗೆ ಫೋನ್ ಹಚ್ಚಿ ಕೊಡ್ರಿ," ಎಂದರು.

ಹಚ್ಚಿದೆ. ಮೊದಲ ಸಲ ಅವಳು ತೆಗೆಯಲಿಲ್ಲ. ಎರಡನೆಯ ಸಲ ತೆಗೆದಳು. ಕಾಕು ಫೋನು ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಏನು ಮಾತಾಡಿದರೆಂದು ನಾನು ಕೇಳಿಸಿಕೊಂಡಿಲ್ಲ, ಆದ್ದರಿಂದ ಬರೆಯುವುದಿಲ್ಲ. ಹೊರಗೆ ಬಂದಾಗ ಇಪ್ಪತ್ತು ನಿಮಿಷವಾಗಿತ್ತು. ಇದನ್ನು ಬರೆದು ಎಲ್ಲರಿಗೂ ಓದಲು ಕೊಡಿ, ನನ್ನ ಕಪ್ಪಿನ ಮಾತನ್ನೂ ಬಿಡಬೇಡಿ ಎಂದರು. ಮೈಸೂರಿನವಳನ್ನೂ ಕೇಳಿದೆ. ನನ್ನ ತೋಳು ಹಿಡಿದದ್ದನ್ನು ಬರೆಯುವುದಾದರೆ ಬರೆಯಿರಿ ಎಂದಳು.

ಮೂರನೆಯ ಭಾನುವಾರ ಈಗ ಯಾರೂ ಸೇರುವುದಿಲ್ಲ. ಸೈಕಲ್ ರಿಪೇರಿಯವನಿಗೆ ಕಾಕಾರ ಸೈಕಲ್ಲಿನ ಫೋರ್ಕನ್ನು ತೋರಿಸಿದ್ದೆ. ಲಿವರು ತೆರೆದಿದ್ದರೂ ಚಕ್ರ ಬೀಳದಂತೆ ತಡೆಯುವ ಅಂಚು ಹೊಸ ಸೈಕಲ್ಲುಗಳಿಗಿರುತ್ತದೆ, ಇದಕ್ಕಿಲ್ಲ ಎಂದ. ಒತ್ತಿ ಮಡಚುವುದಕ್ಕೆ ಎಷ್ಟು ಹೊತ್ತು ಬೇಕು ಎಂದು ಕೇಳಿದೆ. ಅವನು ಉತ್ತರ ಹೇಳದೆ ಒಂದು ಚಕ್ರ ಹಾಕಿ ಮಡಚಿ ತೋರಿಸಿದ. ಎಣಿಸಲು ನಾನು ಬಾಯಿ ತೆರೆಯುವಷ್ಟರಲ್ಲಿ ಮುಗಿದಿತ್ತು.

ಆ ಲಿವರು ಮಡಚದೆ ಉಳಿದದ್ದನ್ನು ಕಣ್ಣಾರೆ ಕಂಡವರು ಮೂವರು. ಕಪ್ಪು ಕೊಡುವಾಗ ಕಂಡ ಕಾಕು, ಸೌತ್ ಸ್ಯಾನ್ ಫ್ರಾನ್ಸಿಸ್ಕೋದ ಅದೇ ಮನೆಯಲ್ಲಿ ಒಬ್ಬರೇ ಇದ್ದಾರೆ. ಕಂಡು ಕರೆಯಲು ಹೊರಟ ಮೈಸೂರಿನವಳು ಡಬ್ಲಿನ್‌ನಲ್ಲಿದ್ದಾಳೆ, ಸೈಕಲ್ಲು ಮಾರಿದ್ದಾಳೆ. ಮೂರನೆಯವನು ಗೋಡೆಯ ಹತ್ತಿರ ನಿಂತಿದ್ದ ನಾನು. ಮೂವರೂ ಬದುಕಿದ್ದೇವೆ.